ರೋಮನ್ನರ ದಿನಬಳಕೆಯ ಬದುಕನ್ನು ಅವರ ಸಾಹಿತ್ಯದಿಂದ ಓದಿ ತೆಗೆಯುವುದು ಹೇಗೆ?

ಕ್ರಿ.ಶ. 1ನೆಯ ಶತಮಾನದ ತತ್ತ್ವಜ್ಞಾನಿ ಸೆನೆಕಾ ತನ್ನ ಗೆಳೆಯ ಲೂಸಿಲಿಯಸ್‌ಗೆ ಬರೆದ ಪತ್ರಗಳಲ್ಲಿ 56ನೆಯದು ಗದ್ದಲದ ನಡುವೆಯೂ ಮನಸ್ಸನ್ನು ನಿಶ್ಚಲವಾಗಿ ಇಟ್ಟುಕೊಳ್ಳುವುದನ್ನು ಕುರಿತದ್ದು. ತಾನು ಸ್ನಾನಗೃಹವೊಂದರ ಮೇಲ್ಗಡೆಯೇ ವಾಸವಾಗಿದ್ದೇನೆ ಎಂದು ಹೇಳಿ, ಕೆಳಗಿನಿಂದ ಬರುವ ಸದ್ದುಗಳನ್ನು ಅವನು ಒಂದೊಂದಾಗಿ ಎಣಿಸುತ್ತಾನೆ. ಸೀಸದ ಭಾರಗಳನ್ನು ಎತ್ತಿ ಬೀಸುವವರ ಏದುಸಿರು, ಮೈ ತಿಕ್ಕುವವನ ಕೈ ಗಿರಾಕಿಯ ಹೆಗಲ ಮೇಲೆ ಚಪ್ಪಟೆಯಾಗಿ ಬಿದ್ದರೆ ಒಂದು ಬಗೆ, ಕುಳಿಯಾಗಿ ಬಿದ್ದರೆ ಇನ್ನೊಂದು ಬಗೆಯಾಗಿ ಏಳುವ ಸದ್ದು, ಚೆಂಡಾಟದ ಅಂಕಗಳನ್ನು ಕೂಗಿ ಎಣಿಸುವವನ ದನಿ, ಸಿಕ್ಕಿಬಿದ್ದ ಕಳ್ಳನ ಸುತ್ತಲಿನ ಗಲಾಟೆ, ಕಂಕುಳ ಕೂದಲು ಕೀಳುವವನು ಗಿರಾಕಿಗಳನ್ನು ಕರೆಯುವ ಕೀರಲು ಕೂಗು, ಕಜ್ಜಾಯ ಮಾರುವವರೂ ಮಾಂಸದ ಸಾಸೇಜ್ ಮಾರುವವರೂ ತಮ್ಮ ತಮ್ಮದೇ ರಾಗದಲ್ಲಿ ಸಾರುವ ಸರಕು, ಇವೆಲ್ಲವೂ ಅಲ್ಲಿವೆ. ಸೆನೆಕಾನಿಗೆ ಇವು ಉಪದೇಶಕ್ಕೆ ಬೇಕಾದ ಪೀಠಿಕೆ ಮಾತ್ರ. ನಮಗಾದರೋ ಈ ಪೀಠಿಕೆಯೇ ನಿಧಿ. ಸುಮಾರು 2000 ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ಹೇಗೆ ಕೇಳಿಸುತ್ತಿತ್ತು ಎಂಬುದನ್ನು ಯಾವ ಭಗ್ನಾವಶೇಷವೂ ಹೀಗೆ ಹೇಳಲಾರದು.

ಲೇಖಕನು ಸಾಧಿಸಲು ಹೊರಟ ಮಾತಿಗಿಂತ, ಅದನ್ನು ಹೇಳುವಾಗ ಯೋಚಿಸದೆ ಬಿಟ್ಟುಹೋದ ವಿವರಗಳಲ್ಲಿಯೇ ದಿನಬಳಕೆಯ ಬದುಕು ಹೆಚ್ಚು ನಂಬಿಕೆಗೆ ಅರ್ಹವಾಗಿ ಉಳಿದಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಲ್ಯಾಟಿನ್ ತಿಳಿಯದ, ಅನುವಾದಗಳನ್ನೇ ನೆಚ್ಚಿದ ಕನ್ನಡ ಓದುಗರೂ ಇಂಥ ವಿವರಗಳನ್ನು ಶ್ರದ್ಧೆಯಿಂದ ಹೆಕ್ಕಿ ತೆಗೆಯಬಹುದು. ಅದಕ್ಕೆ ಬೇಕಾದ ಕ್ರಮವನ್ನು ಮುಂದೆ ಹೆಜ್ಜೆ ಹೆಜ್ಜೆಯಾಗಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಸರಿಯಾದ ಪ್ರಕಾರದಿಂದ ಆರಂಭಿಸಿ

ವರ್ಜಿಲ್‌ನ ಮಹಾಕಾವ್ಯದಿಂದಲೋ ಲಿವಿಯ ಇತಿಹಾಸದಿಂದಲೋ ಆರಂಭಿಸಿದರೆ ಯುದ್ಧಗಳೂ ದೇವತೆಗಳೂ ಸಿಗುತ್ತಾರೆಯೇ ಹೊರತು ಅಡುಗೆಮನೆ ಸಿಗುವುದು ವಿರಳ. ಪತ್ರ, ವಿಡಂಬನೆ, ಚುಟುಕು, ಕೃಷಿಗ್ರಂಥ, ಶಾಲಾಪಾಠ ಇವು ನಮಗೆ ಬೇಕಾದ ಪ್ರಕಾರಗಳು. ಪತ್ರಗಳಿಗೆ ಸಿಸೆರೊ, ಸೆನೆಕಾ ಮತ್ತು ಕಿರಿಯ ಪ್ಲಿನಿ, ವಿಡಂಬನೆಗೆ ಹೊರೇಸ್ ಮತ್ತು ಜುವೆನಲ್, ಚುಟುಕುಗಳಿಗೆ ಸ್ಪೇನಿನಿಂದ ರೋಮ್‌ಗೆ ಬಂದು ನೆಲೆಸಿದ್ದ ಮಾರ್ಷಲ್, ಕೃಷಿಗೆ ಕ್ರಿ.ಪೂ. 2ನೆಯ ಶತಮಾನದ ಹಿರಿಯ ಕೇಟೋ; ಗದ್ಯಕಥನಕ್ಕೆ ಪೆಟ್ರೋನಿಯಸ್ ಮತ್ತು ಅಪುಲೀಯಸ್. ಮೊದಲ ಓದಿಗೆ ಕಿರಿಯ ಪ್ಲಿನಿಯ ಪತ್ರಗಳೇ ಒಳ್ಳೆಯವು ಎಂದು ನಾನು ಸೂಚಿಸುತ್ತೇನೆ. ಅವು ಚಿಕ್ಕವು, ಬಿಡಿಬಿಡಿಯಾಗಿ ಓದಬಹುದಾದವು, ಮತ್ತು ಒಂದೊಂದೂ ಒಂದೇ ವಿಷಯಕ್ಕೆ ಅಂಟಿಕೊಂಡಿರುತ್ತವೆ. ಪ್ಲಾಟಸ್‌ನ ಹಾಸ್ಯನಾಟಕಗಳನ್ನು ಮಾತ್ರ ಸ್ವಲ್ಪ ತಡೆದು ಓದುವುದು ಲೇಸು. ಅವು ಗ್ರೀಕ್ ನಾಟಕಗಳನ್ನು ಆಧರಿಸಿದವು, ಗ್ರೀಕ್ ಊರುಗಳಲ್ಲಿ ನಡೆಯುವಂಥವು. ಅಲ್ಲಿನ ಯಾವ ಪದ್ಧತಿ ಅಥೆನ್ಸಿನದು, ಯಾವುದು ರೋಮಿನದು ಎಂದು ಬೇರ್ಪಡಿಸಲು ಅನುಭವ ಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಅನುವಾದದ ಪದಗಳನ್ನು ಪರೀಕ್ಷಿಸಿ

ನಮ್ಮಲ್ಲಿ ಹೆಚ್ಚಿನವರು ಈ ಕೃತಿಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದುವುದರಿಂದ ಈ ಹೆಜ್ಜೆಯನ್ನು ಬಿಡುವಂತಿಲ್ಲ. ಹಳೆಯ ಬ್ರಿಟಿಷ್ ಅನುವಾದಗಳಲ್ಲಿ ‘ಕಾರ್ನ್’ ಎಂದು ಕಂಡರೆ ಅದು ಮೆಕ್ಕೆಜೋಳವಲ್ಲ. ಸಾಮಾನ್ಯವಾಗಿ ಗೋಧಿ, ಕೆಲವೊಮ್ಮೆ ಬೇರೆ ಧಾನ್ಯ. ಮೆಕ್ಕೆಜೋಳವಾಗಲಿ ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿಗಳಾಗಲಿ ರೋಮನ್ನರ ಕಾಲದಲ್ಲಿ ಅಮೆರಿಕ ಖಂಡವನ್ನು ಬಿಟ್ಟು ಹೊರಗೆ ಬಂದಿರಲಿಲ್ಲ. ‘ಸರ್ವೆಂಟ್’ ಅಥವಾ ‘ಬಾಯ್’ ಎಂದು ಕಂಡ ಕಡೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮೂಲದಲ್ಲಿ ‘ಸೆರ್ವುಸ್’ ಅಥವಾ ‘ಪುಯೆರ್’ ಎಂದಿದ್ದರೆ, ಆ ವ್ಯಕ್ತಿ ಸಂಬಳಕ್ಕೆ ದುಡಿಯುವ ಆಳಲ್ಲ, ಬಹುಪಾಲು ಸಂದರ್ಭಗಳಲ್ಲಿ ಒಡೆಯನ ಸ್ವತ್ತಾಗಿದ್ದ ಗುಲಾಮ. ನೆರೆತ ಕೂದಲಿನ ಗುಲಾಮನನ್ನೂ ‘ಹುಡುಗ’ ಎಂದೇ ಕರೆಯಲಾಗುತ್ತಿತ್ತು. ಈ ಒಂದು ಪದವನ್ನು ಸರಿಪಡಿಸಿಕೊಂಡ ಕೂಡಲೇ ಎಷ್ಟೋ ಸೌಮ್ಯವಾದ ದೃಶ್ಯಗಳ ಬಣ್ಣವೇ ಬದಲಾಗಿಬಿಡುತ್ತದೆ.

ಅನುವಾದಕರು ಮುಚ್ಚಿಟ್ಟದ್ದೂ ಉಂಟು. ಲ್ಯಾಟಿನ್ ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಎದುರುಬದುರು ಪುಟಗಳಲ್ಲಿ ಕೊಡುವ ಲೋಬ್ ಗ್ರಂಥಮಾಲೆಯ ಹಳೆಯ ಮಾರ್ಷಲ್ ಆವೃತ್ತಿಯಲ್ಲಿ, ಅಶ್ಲೀಲವೆಂದು ತೋರಿದ ಪದ್ಯಗಳನ್ನು ಇಂಗ್ಲಿಷಿಗೆ ಬದಲಾಗಿ ಇಟಾಲಿಯನ್ ಭಾಷೆಯಲ್ಲಿ ಕೊಡಲಾಗಿತ್ತು. ದೇಹ, ಸ್ನಾನ, ಶೌಚ, ಕಾಮ ಇವೆಲ್ಲ ದಿನಬಳಕೆಯ ಬದುಕಿನ ಭಾಗವೇ ಆದ್ದರಿಂದ, ಸಾಧ್ಯವಿದ್ದಲ್ಲಿ ಇತ್ತೀಚಿನ ಪೂರ್ಣ ಅನುವಾದವನ್ನು ಬಳಸಿ. ಹಕ್ಕುಸ್ವಾಮ್ಯ ಮುಗಿದ ಹಳೆಯ ಅನುವಾದಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳನ್ನು ಓದುವಾಗ ಬಿಟ್ಟುಹೋದ ಪದ್ಯಗಳ ಸಂಖ್ಯೆಗಳನ್ನು ಗುರುತು ಹಾಕಿಕೊಳ್ಳಿ.

ಮೂರನೆಯ ಹೆಜ್ಜೆ: ಅವರ ಗಡಿಯಾರವನ್ನೂ ನಾಣ್ಯವನ್ನೂ ಕಲಿಯಿರಿ

ರೋಮನ್ನರು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು, ಋತು ಯಾವುದೇ ಇರಲಿ, 12 ತಾಸುಗಳಾಗಿ ಹಂಚುತ್ತಿದ್ದರು. ಆದ್ದರಿಂದ ರೋಮ್ ನಗರದಲ್ಲಿ ನಟ್ಟ ಚಳಿಗಾಲದ ಒಂದು ತಾಸು ನಮ್ಮ ಸುಮಾರು 45 ನಿಮಿಷ, ನಡುಬೇಸಿಗೆಯ ಒಂದು ತಾಸು ಸುಮಾರು 75 ನಿಮಿಷ ಆಗುತ್ತಿತ್ತು. ಇದನ್ನು ತಿಳಿದು ಮಾರ್ಷಲ್‌ನ 4ನೆಯ ಪುಸ್ತಕದ 8ನೆಯ ಚುಟುಕನ್ನು ತೆರೆದರೆ ನಗರದ ಒಂದು ದಿನ ಕಣ್ಣ ಮುಂದೆ ನಿಲ್ಲುತ್ತದೆ. ಮೊದಲೆರಡು ತಾಸು ಆಶ್ರಿತರು ಪೋಷಕನ ಬಾಗಿಲಿಗೆ ಹೋಗಿ ಮುಂಜಾನೆಯ ವಂದನೆ ಸಲ್ಲಿಸುವುದಕ್ಕೆ, ಮೂರನೆಯದು ಗಂಟಲು ಕಟ್ಟಿದ ವಕೀಲರಿಗೆ, ಐದರವರೆಗೆ ನಾನಾ ಕೆಲಸಗಳಿಗೆ, ಆರನೆಯದು ವಿಶ್ರಾಂತಿಗೆ, ಎಂಟರಿಂದ ಒಂಬತ್ತರವರೆಗೆ ಎಣ್ಣೆ ಹಚ್ಚಿಕೊಂಡ ಮೈಗಳ ವ್ಯಾಯಾಮಕ್ಕೆ, ಒಂಬತ್ತನೆಯದು ಊಟದ ಮಂಚಗಳಿಗೆ. ತನ್ನ ಪುಸ್ತಕಗಳಿಗೆ ಹತ್ತನೆಯ ತಾಸೇ ತಕ್ಕದ್ದು ಎಂದು ಕವಿ ಹೇಳಿಕೊಳ್ಳುತ್ತಾನೆ. ಇದು ಯಾರ ದಿನ ಎಂದು ಕೂಡಲೇ ಕೇಳಿಕೊಳ್ಳಬೇಕು. ಮಧ್ಯಾಹ್ನಕ್ಕೆ ಕೆಲಸ ಮುಗಿಸಿ ಸ್ನಾನಕ್ಕೆ ಹೊರಡುವವನ ದಿನ ಇದು. ಅವನಿಗಾಗಿ ಸ್ನಾನಗೃಹದ ಒಲೆಗೆ ಸೌದೆ ಒಟ್ಟುವವನ ದಿನ ಬೇರೆಯೇ ಇತ್ತು.

ನಾಣ್ಯದ ಲೆಕ್ಕ ಸರಳ: ಒಂದು ಡೆನಾರಿಯಸ್‌ಗೆ 4 ಸೆಸ್ಟರ್ಷಿಯಸ್ ಅಥವಾ 16 ಆಸ್. ಈ ಮೊತ್ತಗಳನ್ನು ನೇರವಾಗಿ ರೂಪಾಯಿಗೆ ಪರಿವರ್ತಿಸಲು ಹೋಗಬೇಡಿ, ಅದರಿಂದ ಯಾವ ಪ್ರಯೋಜನವೂ ಇಲ್ಲ. ಅದರ ಬದಲು ಆ ಕಾಲದ ಒಂದು ಸಂಬಳವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಸೈನ್ಯದಳದ ಸಾಮಾನ್ಯ ಸೈನಿಕನ ಸಂಬಳ ವರ್ಷಕ್ಕೆ 225 ಡೆನಾರಿಯಸ್ ಇತ್ತು. ಚಕ್ರವರ್ತಿ ಡೊಮಿಷಿಯನ್ ಅದನ್ನು 300ಕ್ಕೆ ಏರಿಸಿದ. ತನ್ನ ಮೊದಲ ಚುಟುಕು ಪುಸ್ತಕದ ಅಂದವಾದ ಪ್ರತಿಯೊಂದು ಆರ್ಗಿಲೇಟಮ್ ಬೀದಿಯ ಅಂಗಡಿಯಲ್ಲಿ 5 ಡೆನಾರಿಯಸ್‌ಗೆ ಸಿಗುತ್ತದೆ ಎಂದು ಮಾರ್ಷಲ್ ಹೇಳುತ್ತಾನೆ. ಏರಿಸಿದ ಸಂಬಳವನ್ನೇ ಹಿಡಿದರೂ ಅದು ಸೈನಿಕನೊಬ್ಬನ ಆರು ದಿನಗಳ ದುಡಿಮೆ. ಓದುಗರು ಯಾರಿದ್ದಿರಬಹುದು ಎಂಬುದು ಈ ಒಂದು ಭಾಗಾಕಾರದಿಂದಲೇ ಅರ್ಧಕ್ಕರ್ಧ ತಿಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಒಂದೇ ಪತ್ರವನ್ನು ಮೂರು ಬಾರಿ ಓದಿ

ಒಂದು ಟಿಪ್ಪಣಿ ಪುಸ್ತಕದಲ್ಲಿ ಮೂರು ಅಂಕಣಗಳನ್ನು ಹಾಕಿಕೊಳ್ಳಿ. ಲೇಖಕನು ಏನನ್ನು ಸಾಧಿಸಲು ಹೊರಟಿದ್ದಾನೆ ಎಂಬುದು ಮೊದಲನೆಯದರಲ್ಲಿ, ಹಾದಿಯಲ್ಲಿ ಸಹಜವಾಗಿ ಏನನ್ನು ಉಲ್ಲೇಖಿಸಿದ ಎಂಬುದು ಎರಡನೆಯದರಲ್ಲಿ, ಆ ದೃಶ್ಯ ನಡೆಯಬೇಕಾದರೆ ಅಲ್ಲಿ ಇರಲೇಬೇಕಾಗಿದ್ದ, ಆದರೆ ಹೆಸರೇ ಬಾರದ ಜನರೂ ವಸ್ತುಗಳೂ ಯಾವುವು ಎಂಬುದು ಮೂರನೆಯದರಲ್ಲಿ ಇರಲಿ. ಒಂದೊಂದು ಅಂಕಣಕ್ಕೆ ಒಂದೊಂದು ಓದು.

ಕಿರಿಯ ಪ್ಲಿನಿಯು ಸೆಪ್ಟೀಷಿಯಸ್ ಕ್ಲಾರಸ್ ಎಂಬ ಗೆಳೆಯನಿಗೆ ಬರೆದ ಪತ್ರವನ್ನು, ಅಂದರೆ ಮೊದಲ ಪುಸ್ತಕದ 15ನೆಯದನ್ನು, ತೆಗೆದುಕೊಳ್ಳೋಣ. ಊಟಕ್ಕೆ ಬರುತ್ತೇನೆಂದು ಒಪ್ಪಿ ಬಾರದೆ ಹೋದ ಗೆಳೆಯನ ಮೇಲೆ ಪ್ಲಿನಿ ಹುಸಿಮುನಿಸು ತೋರಿಸುತ್ತಾನೆ. ತಲೆಗೊಂದು ಲೆಟ್ಯೂಸ್, ಮೂರು ಮೂರು ಬಸವನಹುಳು, ಎರಡೆರಡು ಮೊಟ್ಟೆ, ಧಾನ್ಯದ ಗಂಜಿ, ಅದರೊಂದಿಗೆ ಜೇನು ಬೆರೆಸಿದ ದ್ರಾಕ್ಷಾರಸ ಮತ್ತು ಹಿಮ, ಆಲಿವ್ ಕಾಯಿ, ಬೀಟ್ ಗಡ್ಡೆ, ಸೋರೆ, ಈರುಳ್ಳಿ, ಇವೆಲ್ಲ ಸಿದ್ಧವಾಗಿದ್ದವು; ಹಾಸ್ಯನಟರೋ ಪುಸ್ತಕ ಓದುವವನೋ ವೀಣೆಯಂಥ ಲೈರ್ ನುಡಿಸುವವನೋ, ಅಥವಾ ತನ್ನ ಔದಾರ್ಯ ಎಷ್ಟಿತ್ತೆಂದರೆ ಮೂವರೂ, ಕಾದಿದ್ದರು; ನೀನು ಮಾತ್ರ ಇನ್ನಾರದೋ ಮನೆಯ ಸಿಂಪಿ, ಹಂದಿಯ ಗರ್ಭಕೋಶ, ಕಡಲ ಮುಳ್ಳುಜೀವಿ ಮತ್ತು ಕಾಡಿಜ಼್ ನಗರದ ನರ್ತಕಿಯರನ್ನು ಆರಿಸಿಕೊಂಡೆ ಎನ್ನುತ್ತಾನೆ.

ಮೊದಲ ಅಂಕಣದಲ್ಲಿ ಬರೆಯಬೇಕಾದದ್ದು: ಪ್ಲಿನಿ ತನ್ನನ್ನು ಮಿತವ್ಯಯದ, ಸುಸಂಸ್ಕೃತ ಅಭಿರುಚಿಯವನೆಂದು ತೋರಿಸಿಕೊಳ್ಳುತ್ತಿದ್ದಾನೆ. ಎರಡನೆಯದರಲ್ಲಿ ತಿಂಡಿಗಳ ಪಟ್ಟಿಯನ್ನಷ್ಟೇ ಬರೆದು ನಿಲ್ಲಿಸಬೇಡಿ. ತಲೆಗೆ ಇಷ್ಟು ಎಂದು ಎಣಿಸಿ ಬಡಿಸುವ ಪದ್ಧತಿ, ಊಟದ ಹೊತ್ತಿನಲ್ಲಿ ಪುಸ್ತಕ ಓದಿಸುವ ಪದ್ಧತಿ, ಯಾವ ಆಹಾರ ಸರಳ, ಯಾವುದು ಆಡಂಬರ ಎಂಬ ಅಂದಿನ ತಾರತಮ್ಯ, ಇವನ್ನೂ ಬರೆಯಿರಿ. ಹಿಮದ ಬಗೆಗೆ ಪ್ಲಿನಿ ಹೇಳುವ ಮಾತು ಗಮನಾರ್ಹ: ಲೆಕ್ಕದಲ್ಲಿ ಇದನ್ನು ಮೊದಲು ಸೇರಿಸಬೇಕು, ತಟ್ಟೆಯಲ್ಲೇ ಕರಗಿ ಹೋಗುವುದು ಇದೇ ತಾನೇ ಎಂದು. ಮೂರನೆಯ ಅಂಕಣ ಇಲ್ಲಿಂದಲೇ ಹುಟ್ಟುತ್ತದೆ. ಬೆಟ್ಟದಿಂದ ಆ ಹಿಮವನ್ನು ಹೊತ್ತು ತಂದವರು ಯಾರು, ಕರಗದಂತೆ ಕಾಪಾಡಿದವರು ಯಾರು, ಬಸವನಹುಳುಗಳನ್ನು ಬೇಯಿಸಿದವರು, ಮಂಚಗಳನ್ನು ಹಾಸಿದವರು, ಪಾತ್ರೆ ಬೆಳಗಿದವರು ಯಾರು? ಪತ್ರದಲ್ಲಿ ಅವರಾರೂ ಇಲ್ಲ.

ಇದೇ ಮೂರು ಅಂಕಣಗಳನ್ನು ಹೊರೇಸ್‌ನ ಮೊದಲ ಪುಸ್ತಕದ 6ನೆಯ ವಿಡಂಬನೆಗೆ ಹಾಕಿ ನೋಡಿ. ಹೊರೇಸ್‌ನ ತಂದೆ ದಾಸ್ಯದಿಂದ ಬಿಡುಗಡೆ ಪಡೆದವನು. ಆ ಸಂಗತಿಯನ್ನು ಕವಿ ಮುಚ್ಚಿಡದೆ, ತಂದೆಯ ಬಗೆಗೆ ಅಪಾರ ಕೃತಜ್ಞತೆಯಿಂದ ಬರೆಯುತ್ತಾನೆ. ಆಮೇಲೆ ತನ್ನ ನಿರಾಡಂಬರ ಬದುಕನ್ನು ಬಣ್ಣಿಸುತ್ತಾನೆ: ಒಬ್ಬನೇ ಅಡ್ಡಾಡುತ್ತೇನೆ, ಸೊಪ್ಪು ಮತ್ತು ಹಿಟ್ಟಿನ ಬೆಲೆ ವಿಚಾರಿಸುತ್ತೇನೆ, ಸಂಜೆ ಮನೆಗೆ ಬಂದು ಲೀಕ್ ಗಡ್ಡೆ, ಕಡಲೆ ಮತ್ತು ಹಿಟ್ಟಿನ ತೆಳುಹಾಳೆಯ ಊಟಕ್ಕೆ ಕೂರುತ್ತೇನೆ ಎಂದು. ಆ ಊಟದ ಮಾತಿನ ಬೆನ್ನಿಗೇ ಒಂದು ಸಾಲು ಬರುತ್ತದೆ: ಬಡಿಸುವವರು ಮೂವರು ಗುಲಾಮ ಹುಡುಗರು. ಸರಳ ಜೀವನದ ಉದಾಹರಣೆಯಲ್ಲಿಯೇ ಮೂವರು ಗುಲಾಮರು ಇರಬಹುದಾಗಿತ್ತು, ಅದು ಯಾರಿಗೂ ವಿರೋಧಾಭಾಸವಾಗಿ ತೋರುತ್ತಿರಲಿಲ್ಲ ಎಂಬ ಸತ್ಯವನ್ನು ಗುಲಾಮಗಿರಿಯ ಮೇಲಿನ ನೇರ ಪ್ರಬಂಧವೂ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ.

ಐದನೆಯ ಹೆಜ್ಜೆ: ವಿಡಂಬನೆಯ ಉತ್ಪ್ರೇಕ್ಷೆಯನ್ನು ಬೇರೆ ಸಾಕ್ಷಿಯೊಂದಿಗೆ ತೂಗಿ

ಜುವೆನಲ್‌ನ ಮೂರನೆಯ ವಿಡಂಬನೆಯಲ್ಲಿ ಊಂಬ್ರೀಷಿಯಸ್ ಎಂಬವನು ರೋಮ್ ನಗರವನ್ನೇ ಬಿಟ್ಟು ಹೊರಟಿದ್ದಾನೆ, ಹೊರಡುವ ಮುನ್ನ ಕಾರಣಗಳನ್ನು ಹೇಳುತ್ತಾನೆ. ಬಾಡಿಗೆ ಮನೆಗಳು ಕುಸಿಯುತ್ತವೆ. ಮಾಲೀಕನ ಕಾರಭಾರಿ ಹಳೆಯ ಬಿರುಕನ್ನು ಮುಚ್ಚಿಸಿ, ಬೀಳಲು ಸಿದ್ಧವಾದ ಮನೆಯೊಳಗೆ ನಿಶ್ಚಿಂತೆಯಿಂದ ಮಲಗಿರಿ ಎನ್ನುತ್ತಾನೆ. ಬೆಂಕಿ ಬಿದ್ದರೆ, ಪಾರಿವಾಳಗಳು ಮೊಟ್ಟೆಯಿಡುವ ಹೆಂಚಿನ ಕೆಳಗಿನ ಅಟ್ಟದಲ್ಲಿ ಇರುವವನಿಗೆ ಅದು ಗೊತ್ತಾಗುವುದು ಕಡೆಯಲ್ಲಿ. ರಾತ್ರಿಯಿಡೀ ಬಂಡಿಗಳ ಸದ್ದಿನಿಂದ ನಿದ್ರೆಯಿಲ್ಲ. ಮೇಲಿನ ಕಿಟಕಿಗಳಿಂದ ಒಡೆದ ಮಡಕೆಗಳು ತಲೆಯ ಮೇಲೆ ಬೀಳುವುದರಿಂದ, ಉಯಿಲು ಬರೆಯದೆ ಊಟಕ್ಕೆ ಹೊರಡುವುದು ಅವಿವೇಕ. ಇದು ನಗಿಸಲೂ ಕೆರಳಿಸಲೂ ಬರೆದ ಕಾವ್ಯ, ಅಕ್ಷರಶಃ ನಂಬುವಂತಿಲ್ಲ. ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ, ಏಕೆಂದರೆ ಕೇಳುಗರಿಗೆ ಪರಿಚಿತವಲ್ಲದ ಕಷ್ಟವನ್ನು ಹಿಗ್ಗಿಸಿ ಹೇಳಿದರೆ ಯಾರೂ ನಗುವುದಿಲ್ಲ.

ಹಾಗಾದರೆ ಎಷ್ಟು ನಂಬಬೇಕು? ಒಂದೊಂದು ದೂರಿಗೂ, ನಗಿಸುವ ಉದ್ದೇಶವಿಲ್ಲದ ಇನ್ನೊಂದು ಸಾಕ್ಷಿಯನ್ನು ಹುಡುಕಿ. ಕುಸಿಯುವ ಮನೆಗಳ ವಿಷಯದಲ್ಲಿ ಕ್ರಿ.ಪೂ. 44ರಲ್ಲಿ ಸಿಸೆರೊ ತನ್ನ ಆಪ್ತ ಅಟಿಕಸ್‌ಗೆ ಬರೆದ ಪತ್ರವಿದೆ. ನನ್ನ ಎರಡು ಮಳಿಗೆಗಳು ಬಿದ್ದುಹೋಗಿವೆ, ಉಳಿದವು ಬಿರುಕು ಬಿಡುತ್ತಿವೆ, ಬಾಡಿಗೆದಾರರಷ್ಟೇ ಅಲ್ಲ ಇಲಿಗಳೂ ಜಾಗ ಖಾಲಿ ಮಾಡಿವೆ ಎಂದು ಅವನು ಬರೆಯುತ್ತಾನೆ. ಮತ್ತೆ ಕಟ್ಟಿಸುವ ಉಪಾಯದಿಂದ ಈ ನಷ್ಟವೇ ಲಾಭವಾಗಬಹುದು ಎಂದು ಸಮಾಧಾನದಿಂದ ಸೇರಿಸುತ್ತಾನೆ. ಇಲ್ಲಿ ಮಾತನಾಡುತ್ತಿರುವವನು ಸ್ವತಃ ಮಾಲೀಕ. ಒಂದೂವರೆ ಶತಮಾನದ ಅಂತರದಲ್ಲಿ ಬಾಡಿಗೆದಾರನ ಕೋಪ ಮತ್ತು ಮಾಲೀಕನ ನೆಮ್ಮದಿ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ಓದಿದಾಗ ಮನಸ್ಸು ಭಾರವಾಗುತ್ತದೆ. ಸಾರ್ವಜನಿಕ ಬೀದಿಗಳ ಪಕ್ಕದ ಕಟ್ಟಡಗಳು 70 ಅಡಿ ಮೀರಬಾರದೆಂದು ಚಕ್ರವರ್ತಿ ಅಗಸ್ಟಸ್ ವಿಧಿಸಿದ ಮಿತಿಯನ್ನು ಭೂಗೋಳಕಾರ ಸ್ಟ್ರಾಬೋ ದಾಖಲಿಸಿದ್ದಾನೆ. ಅಷ್ಟು ಎತ್ತರಕ್ಕೆ ಕಟ್ಟುವ ಚಾಳಿ ಇಲ್ಲದಿದ್ದರೆ ಮಿತಿಯೇ ಬೇಕಾಗುತ್ತಿರಲಿಲ್ಲ.

ರಾತ್ರಿಯ ಬಂಡಿಗಳಿಗೂ ಸಾಕ್ಷಿಯಿದೆ. ಸೂರ್ಯೋದಯದಿಂದ ಹತ್ತನೆಯ ತಾಸಿನವರೆಗೆ ಸರಕಿನ ಬಂಡಿಗಳು, ಕೆಲವು ವಿನಾಯಿತಿಗಳನ್ನು ಬಿಟ್ಟು, ನಗರದೊಳಗೆ ಓಡಾಡಕೂಡದೆಂಬ ನಿಯಮ ಕಂಚಿನ ಫಲಕವೊಂದರಲ್ಲಿ ಕೆತ್ತಿದ ಶಾಸನವಾಗಿ ಉಳಿದುಬಂದಿದೆ. ಹಗಲಿನ ನೆಮ್ಮದಿಗಾಗಿ ಮಾಡಿದ ಕಾನೂನೇ ರಾತ್ರಿಯ ನಿದ್ರೆಯನ್ನು ಕಸಿಯಿತು. ಬೀಳುವ ಮಡಕೆಗಳಿಗಂತೂ ರೋಮನ್ ಕಾನೂನಿನಲ್ಲಿ ಪ್ರತ್ಯೇಕ ಅಧ್ಯಾಯವೇ ಉಂಟು. ಜಸ್ಟೀನಿಯನ್ ಚಕ್ರವರ್ತಿ 533ರಲ್ಲಿ ಹೊರಡಿಸಿದ ಡೈಜೆಸ್ಟ್ ಎಂಬ ಕಾನೂನು ಸಂಕಲನದಲ್ಲಿ, ಜನ ಓಡಾಡುವ ಜಾಗಕ್ಕೆ ಮೇಲಿನಿಂದ ಏನನ್ನಾದರೂ ಎಸೆದರೆ ಅಥವಾ ಸುರಿದರೆ ಆ ಮನೆಯಲ್ಲಿ ವಾಸಿಸುವವನು ಹಾನಿಯ ಎರಡರಷ್ಟು ತೆರಬೇಕು, ಸ್ವತಂತ್ರ ಮನುಷ್ಯ ಸತ್ತರೆ 50 ಚಿನ್ನದ ನಾಣ್ಯ ದಂಡ ಎಂಬ ಹಳೆಯ ನಿಯಮ ದೊರೆಯುತ್ತದೆ. ಜುವೆನಲ್ ಮಡಕೆಯ ಗಾತ್ರವನ್ನು ಹಿಗ್ಗಿಸಿರಬಹುದು, ಮಡಕೆಯನ್ನಂತೂ ಕಲ್ಪಿಸಿಕೊಂಡಿರಲಿಲ್ಲ.

ಆರನೆಯ ಹೆಜ್ಜೆ: ಬರೆಯದವರ ಬದುಕನ್ನು ಹುಡುಕಿ

ನಮಗೆ ಉಳಿದುಬಂದ ಲೇಖಕರಲ್ಲಿ ಬಹುತೇಕ ಎಲ್ಲರೂ ಪುರುಷರು, ಅನುಕೂಲಸ್ಥರು. ಅವರು ಕಂಡಂತೆ ಗುಲಾಮರು, ಹೆಂಗಸರು, ಮಕ್ಕಳು ಹೇಗಿದ್ದರು ಎಂಬುದು ಮಾತ್ರ ನಮಗೆ ತಿಳಿಯುತ್ತದೆ ಎಂಬುದನ್ನು ಪ್ರತಿ ಪುಟದಲ್ಲೂ ನೆನಪಿನಲ್ಲಿಡಬೇಕು.

ಗುಲಾಮರ ವಿಷಯದಲ್ಲಿ ಕೇಟೋನ ಕೃಷಿಗ್ರಂಥದಷ್ಟು ತಣ್ಣನೆಯ, ಆ ಕಾರಣದಿಂದಲೇ ಅಷ್ಟು ಬೆಲೆಯುಳ್ಳ ಸಾಕ್ಷಿ ಇನ್ನೊಂದಿಲ್ಲ. ಹೊಲದಲ್ಲಿ ದುಡಿಯುವವರಿಗೆ ತಿಂಗಳಿಗೆ ಚಳಿಗಾಲದಲ್ಲಿ 4 ಮೋಡಿಯಸ್ ಗೋಧಿ, ಬೇಸಿಗೆಯಲ್ಲಿ ನಾಲ್ಕೂವರೆ, ಮೇಲ್ವಿಚಾರಕನಿಗೆ 3. ಒಂದು ಮೋಡಿಯಸ್ ಎಂದರೆ ಸುಮಾರು 8.7 ಲೀಟರ್ ಹಿಡಿಯುವ ಅಳತೆ, ಆದ್ದರಿಂದ ನಾಲ್ಕು ಮೋಡಿಯಸ್ ಸುಮಾರು 35 ಲೀಟರ್. ಸರಪಳಿಯಲ್ಲಿ ದುಡಿಯುವವರಿಗೆ ಧಾನ್ಯದ ಬದಲು ರೊಟ್ಟಿಯನ್ನೇ ತೂಗಿ ಕೊಡಬೇಕು. ಎರಡು ವರ್ಷಕ್ಕೊಮ್ಮೆ ಒಂದು ಅಂಗಿ, ಒಂದು ಹೊದಿಕೆ. ಹೊಸದನ್ನು ಕೊಡುವಾಗ ಹಳೆಯದನ್ನು ವಾಪಸು ಪಡೆದು ತೇಪೆಯ ಕೌದಿಗೆ ಬಳಸಬೇಕು. ಮುದಿ ಎತ್ತು, ಹಳೆಯ ಬಂಡಿ, ಹಳೆಯ ಕಬ್ಬಿಣದ ಜತೆಗೆ ಮುದಿ ಗುಲಾಮನನ್ನೂ ರೋಗಿಷ್ಠ ಗುಲಾಮನನ್ನೂ ಮಾರಿಬಿಡಬೇಕು. ಈ ಕೊನೆಯ ಸಲಹೆ ಎರಡು ಶತಮಾನಗಳಿಗೂ ಹೆಚ್ಚು ಕಾಲದ ನಂತರ ಗ್ರೀಕ್ ಲೇಖಕ ಪ್ಲುಟಾರ್ಕ್‌ನಿಗೇ ಸಹಿಸಲಾಗದೆ ಹೋಯಿತು. ಕೇಟೋನ ಜೀವನಚರಿತ್ರೆಯಲ್ಲಿ ಅವನು ಅದನ್ನು ಖಂಡಿಸಿದ್ದಾನೆ. ಕೇಟೋ ಯಾರನ್ನೂ ನಂಬಿಸಲು ಬರೆಯುತ್ತಿಲ್ಲ, ಲೆಕ್ಕ ಹಾಕುತ್ತಿದ್ದಾನೆ. ಅದರಿಂದ ಅವನ ಅಂಕಿಗಳನ್ನು ಟಿಪ್ಪಣಿ ಪುಸ್ತಕದ ಎರಡನೆಯ ಅಂಕಣಕ್ಕೆ ನೇರವಾಗಿ ಇಳಿಸಬಹುದು.

ಇದಕ್ಕೆ ಜೋಡಿಯಾಗಿ ಕ್ರಿ.ಶ. 2ನೆಯ ಶತಮಾನದ ಅಪುಲೀಯಸ್‌ನ ಕಾದಂಬರಿಯ ಒಂಬತ್ತನೆಯ ಭಾಗವನ್ನು ಓದಿ. ಮಾಟದಿಂದ ಕತ್ತೆಯಾದ ನಾಯಕ ಹಿಟ್ಟಿನ ಗಿರಣಿಯೊಂದಕ್ಕೆ ಮಾರಾಟವಾಗುತ್ತಾನೆ. ಅಲ್ಲಿ ಅವನು ಕಾಣುವ ಮನುಷ್ಯರ ಹಣೆಯಲ್ಲಿ ಅಕ್ಷರಗಳನ್ನು ಒತ್ತಲಾಗಿದೆ, ತಲೆ ಅರೆಬೋಳಾಗಿದೆ, ಕಾಲಿಗೆ ಕಡಗ ಬಿಗಿದಿದೆ, ಬೆನ್ನ ತುಂಬ ಬಾಸುಂಡೆ, ಹೊಗೆಯಿಂದ ಕಣ್ಣು ಕೆಂಡವಾಗಿದೆ, ಮೈಯೆಲ್ಲ ಹಿಟ್ಟಿನ ಬೂದಿ. ಮನುಷ್ಯನಾಗಿದ್ದಾಗ ನೋಡದೆ ದಾಟಿಹೋಗಿದ್ದನ್ನು ಕತ್ತೆಯಾದ ಮೇಲೆ ನೋಡಬೇಕಾಯಿತು. ಕಥೆ ಕಲ್ಪಿತ, ಗಿರಣಿ ಕಲ್ಪಿತವಲ್ಲ.

ಮಕ್ಕಳ ದಿನವನ್ನು ತಿಳಿಯಲು ನನಗೆ ಅತ್ಯಂತ ಪ್ರಿಯವಾದ ಆಕರವೆಂದರೆ, ಗ್ರೀಕ್ ಮತ್ತು ಲ್ಯಾಟಿನ್ ಕಲಿಯುವವರಿಗಾಗಿ ಎರಡೂ ಭಾಷೆಗಳಲ್ಲಿ ಅಕ್ಕಪಕ್ಕ ಬರೆದ ಶಾಲಾ ಸಂಭಾಷಣೆಗಳು. ಒಬ್ಬ ಹುಡುಗ ಬೆಳಗಾಗುವ ಮುನ್ನ ಏಳುತ್ತಾನೆ, ಗುಲಾಮನನ್ನು ಕರೆದು ಚಪ್ಪಲಿ ತರಿಸುತ್ತಾನೆ, ಕೈ ಮುಖ ತೊಳೆಯುತ್ತಾನೆ, ಶಾಲೆಗೆ ಹೋಗಿ ಗುರುವಿಗೆ ನಮಸ್ಕರಿಸುತ್ತಾನೆ, ಮೇಣದ ಹಲಗೆಯಲ್ಲಿ ಬರೆಯುತ್ತಾನೆ. ಮಧ್ಯಾಹ್ನ ಮನೆಗೆ ಬಂದು ಬಿಳಿ ರೊಟ್ಟಿ, ಆಲಿವ್, ಗಿಣ್ಣು, ಒಣ ಅಂಜೂರ, ಕಾಯಿಬೀಜ ತಿಂದು ತಣ್ಣೀರು ಕುಡಿದು ಮತ್ತೆ ಶಾಲೆಗೆ ಹೊರಡುತ್ತಾನೆ. ವಾಕ್ಯಗಳು ಪುಟ್ಟವು, ಸಾಹಿತ್ಯದ ಸೊಗಸು ಏನೂ ಇಲ್ಲ. ಆದರೆ ಕಲಿಯುವವನಿಗೆ ಎಲ್ಲಕ್ಕಿಂತ ಮೊದಲು ಬೇಕಾಗುವ ಮಾತುಗಳು ಎಂದು ಶಿಕ್ಷಕನೊಬ್ಬ ಆರಿಸಿದ್ದರಿಂದಲೇ ಇವು ದಿನಬಳಕೆಗೆ ಅಷ್ಟು ಹತ್ತಿರವಾಗಿವೆ. ಪಾಠದಲ್ಲಿ ಬರುವುದು ಆದರ್ಶ ಬಾಲಕ ಎಂಬ ಒಂದು ರಿಯಾಯಿತಿ ಕೊಟ್ಟರೆ ಸಾಕು. ತನ್ನ ಗುರು ಆರ್ಬೀಲಿಯಸ್ ಬೆತ್ತ ಬೀಸುವುದರಲ್ಲಿ ಎಂಥವನಿದ್ದ ಎಂಬುದನ್ನು ಹೊರೇಸ್ ಮುಪ್ಪಿನಲ್ಲೂ ಮರೆತಿರಲಿಲ್ಲ.

ಹೆಂಗಸರ ಬಗೆಗೆ ಜುವೆನಲ್‌ನ ಆರನೆಯ ವಿಡಂಬನೆ ಬಲು ಉದ್ದವಾಗಿದೆ, ಬಲು ಕಡಿಮೆ ತಿಳಿಸುತ್ತದೆ; ಅದು ಹೇಳುವುದು ಗಂಡಸೊಬ್ಬನ ಭಯಗಳನ್ನು. ಹೆಣ್ಣಿನ ದನಿಯನ್ನೇ ಕೇಳಬೇಕೆಂದರೆ ಗ್ರಂಥಗಳಿಂದ ಹೊರಗೆ ಹೋಗಬೇಕಾಗುತ್ತದೆ.

ಏಳನೆಯ ಹೆಜ್ಜೆ: ನೆಲದಲ್ಲಿ ಸಿಕ್ಕಿದ್ದರ ಪಕ್ಕದಲ್ಲಿಟ್ಟು ನೋಡಿ

ಇಂಗ್ಲೆಂಡಿನ ಉತ್ತರದ ವಿಂಡೋಲಾಂಡ ಎಂಬ ರೋಮನ್ ಸೈನಿಕ ಕೋಟೆಯಲ್ಲಿ 1973ರಿಂದ ಸಿಗುತ್ತಿರುವ ತೆಳುಮರದ ಹಲಗೆಗಳಲ್ಲಿ, ಸುಮಾರು ಕ್ರಿ.ಶ. 100ರ ಹೊತ್ತಿಗೆ ಕ್ಲಾಡಿಯಾ ಸೆವೆರಾ ಎಂಬಾಕೆ ಸುಲ್ಪೀಷಿಯಾ ಲೆಪಿಡಿನಾಳನ್ನು ತನ್ನ ಹುಟ್ಟುಹಬ್ಬಕ್ಕೆ ಕರೆದು ಬರೆಸಿದ ಪತ್ರವಿದೆ. ಪತ್ರದ ಹೆಚ್ಚಿನ ಭಾಗ ಲಿಪಿಕಾರನ ಕೈಬರಹ; ಕೊನೆಯ ಕೆಲವು ಸಾಲುಗಳನ್ನು ಮಾತ್ರ, ‘ಅಕ್ಕಾ’ ಎಂದು ಕರೆಯುತ್ತಾ, ನಿನ್ನ ದಾರಿ ಕಾಯುತ್ತಿರುತ್ತೇನೆ ಎಂದು ಅವಳೇ ಬರೆದಿದ್ದಾಳೆ. ಲ್ಯಾಟಿನ್ ಭಾಷೆಯಲ್ಲಿ ಹೆಣ್ಣಿನ ಕೈಬರಹದ ಅತಿ ಹಳೆಯ ಮಾದರಿಗಳಲ್ಲಿ ಇದೊಂದು. ಗಡಿ ಕೋಟೆಯ ಚಳಿಯಲ್ಲಿ ಇಬ್ಬರು ಅಧಿಕಾರಿಗಳ ಹೆಂಡತಿಯರು ಒಬ್ಬರನ್ನೊಬ್ಬರು ಹಂಬಲಿಸುತ್ತಿದ್ದ ಈ ಸಂಗತಿಗೆ ಇಡೀ ಲ್ಯಾಟಿನ್ ಕಾವ್ಯದಲ್ಲಿ ಜಾಗವಿರಲಿಲ್ಲ.

ನೆಲದ ಸಾಕ್ಷಿ ಕೆಲವೊಮ್ಮೆ ಗ್ರಂಥವನ್ನು ತಿದ್ದುತ್ತದೆ. ಪ್ಲಿನಿಯ ಪತ್ರದಲ್ಲಿ ಕಡಲ ಮುಳ್ಳುಜೀವಿ ಆಡಂಬರದ ತಿನಿಸು. ಆದರೆ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಗೆ ಸಿಕ್ಕಿ ಹೂತುಹೋದ ಕಡಲತೀರದ ಹರ್ಕ್ಯುಲೇನಿಯಮ್‌ನಲ್ಲಿ, ಅಂಗಡಿಗಳೂ ಸಾಧಾರಣ ಬಾಡಿಗೆ ಮನೆಗಳೂ ಇದ್ದ ಸಾಲಿನ ಕೆಳಗಿನ ಚರಂಡಿಯಲ್ಲಿ ಅಂಜೂರದ ಬೀಜ, ಮೀನಿನ ಮುಳ್ಳು, ಆಲಿವ್ ಬೀಜಗಳ ಜತೆಗೆ ಇದೇ ಜೀವಿಯ ಚೂರುಗಳೂ ಸಿಕ್ಕಿವೆ. ಊರು ಯಾವುದು, ಕಡಲು ಎಷ್ಟು ದೂರ ಎಂಬುದನ್ನು ಕೇಳದೆ ಯಾವ ತಿನಿಸನ್ನೂ ಸಿರಿವಂತರದ್ದು, ಬಡವರದ್ದು ಎಂದು ಹಂಚಿಬಿಡಬಾರದು.

ಎಂಟನೆಯ ಹೆಜ್ಜೆ: ನಮ್ಮ ಕರಾವಳಿಯ ಎಳೆಯನ್ನು ಎಚ್ಚರದಿಂದ ಹಿಡಿಯಿರಿ

ಕಿರಿಯ ಪ್ಲಿನಿಯ ಸೋದರಮಾವನಾದ ಹಿರಿಯ ಪ್ಲಿನಿ ತನ್ನ ವಿಶ್ವಕೋಶದಲ್ಲಿ ಒಂದು ರೋಮನ್ ಪೌಂಡಿಗೆ ಹಿಪ್ಪಲಿ 15, ಬಿಳಿಮೆಣಸು 7, ಕರಿಮೆಣಸು 4 ಡೆನಾರಿಯಸ್ ಎಂದು ಬೆಲೆ ಕೊಟ್ಟಿದ್ದಾನೆ. ವರ್ಷಕ್ಕೆ 5 ಕೋಟಿ ಸೆಸ್ಟರ್ಷಿಯಸ್ ಭಾರತಕ್ಕೆ ಹರಿದುಹೋಗುತ್ತದೆ ಎಂದು ಕೊರಗಿದ್ದಾನೆ. ಕೊರಗಿನ ಅಂಕಿಯನ್ನು ವಿಡಂಬನೆಯಂತೆಯೇ ತೂಗಬೇಕು, ಬೆಲೆಪಟ್ಟಿಯನ್ನು ಹೆಚ್ಚು ನಂಬಬಹುದು. ಒಂದು ಪೌಂಡ್ ಕರಿಮೆಣಸು ಆಗಿನ ಸೈನಿಕನ ಆರೂವರೆ ದಿನಗಳ ಸಂಬಳ. ಅಪೀಷಿಯಸ್ ಹೆಸರಿನ ಪಾಕಗ್ರಂಥದಲ್ಲಿ ಬಹುಪಾಲು ಅಡುಗೆಗಳಿಗೆ ಮೆಣಸು ಬೀಳುತ್ತದೆ, ಆದರೆ ಅದು ಸಿರಿವಂತರ ಅಡುಗೆಮನೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೆ ಉತ್ತರ ಮತ್ತೆ ವಿಂಡೋಲಾಂಡದಲ್ಲೇ ಇದೆ: ಅಲ್ಲಿನ ಲೆಕ್ಕದ ಹಲಗೆಯೊಂದರಲ್ಲಿ ಗಂಬಾಕ್ಸ್ ಎಂಬ ಸೈನಿಕನ ಹೆಸರಿನ ಮುಂದೆ ಮೆಣಸು, 2 ಡೆನಾರಿಯಸ್ ಎಂದು ಬರೆದಿದೆ. ಪಶ್ಚಿಮ ಕರಾವಳಿಯ ಬಂದರುಗಳಿಂದ ಹೊರಟ ಕಾಳು ಬ್ರಿಟನ್ನಿನ ಗಡಿಯ ಸಾಮಾನ್ಯ ಸೈನಿಕನ ಗಂಜಿಗೂ ತಲುಪುತ್ತಿತ್ತು. ಆ ವ್ಯಾಪಾರದ ಇನ್ನೊಂದು ತುದಿಯ ಗುರುತಾಗಿ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ.

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದ ವಿಷಯ ಇಲ್ಲಿ ಬಾರದೆ ಇರದು. ಭಾರತದ ಕರಾವಳಿಯ ರಾಜನೊಬ್ಬನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಕ್ಯಾರಿಟಿಯನ್ ಎಂಬ ಗ್ರೀಕ್ ಹೆಣ್ಣನ್ನು ಬಿಡಿಸಿಕೊಂಡು ಹೋಗುವ ಕಥೆ ಅದು. ಅದರಲ್ಲಿನ ‘ಅನ್ಯರ’ ಮಾತುಗಳು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಟ್ಷ್ 1904ರಲ್ಲಿಯೇ ವಾದಿಸಿದರು, ಮುಂದೆ ಆರ್. ಶಾಮಶಾಸ್ತ್ರಿ ಮತ್ತು ಗೋವಿಂದ ಪೈಗಳಂಥವರು ಆ ಜಾಡನ್ನು ಬೆಳೆಸಿದರು. ಅವು ಬರೀ ನಗಿಸಲು ಹೊಸೆದ ಅರ್ಥಹೀನ ಸದ್ದುಗಳು ಎಂದು ನಂಬುವ ವಿದ್ವಾಂಸರೂ ಇದ್ದಾರೆ. ಅಭಿಮಾನ ಸಹಜ, ಆದರೆ ಮೂರು ಅಂಕಣಗಳ ಶಿಸ್ತು ಇಲ್ಲಿಯೂ ಸಡಿಲವಾಗಬಾರದು. ಭಾಷೆಯ ವಿವಾದ ಹೇಗೇ ತೀರ್ಮಾನವಾಗಲಿ, ಆ ಹಾಳೆಯಿಂದ ಖಚಿತವಾಗಿ ತಿಳಿಯುವುದು ಇಷ್ಟು: ನೈಲ್ ಕಣಿವೆಯ ಒಂದು ಪ್ರಾಂತೀಯ ಊರಿನ ಪ್ರೇಕ್ಷಕರಿಗೆ ಭಾರತದ ಕಡಲತೀರ ಎಂದರೆ ವಿವರಿಸಿ ಹೇಳಬೇಕಾಗದಷ್ಟು ಪರಿಚಿತವಾದ ಕಥಾಸ್ಥಳವಾಗಿತ್ತು.

ಅಭ್ಯಾಸಕ್ಕೆ ಒಂದು ಪುಸ್ತಕ

ಇಷ್ಟಾದ ಮೇಲೆ ಮಾರ್ಷಲ್‌ನ 14ನೆಯ ಪುಸ್ತಕವನ್ನು ತೆರೆಯಿರಿ. ಡಿಸೆಂಬರಿನ ಸ್ಯಾಟರ್ನೇಲಿಯಾ ಹಬ್ಬದಲ್ಲಿ ಕೊಡುವ ಉಡುಗೊರೆಗಳ ಮೇಲೆ ಅಂಟಿಸಲೆಂದು ಬರೆದ ಎರಡೆರಡು ಸಾಲಿನ ಪದ್ಯಗಳು ಅಲ್ಲಿವೆ. ಸಿರಿವಂತರ ಕೊಡುಗೆ, ಬಡವರ ಕೊಡುಗೆ ಸರದಿಯಂತೆ ಬರುವ ಹಾಗೆ ಜೋಡಿಸಿದ್ದೇನೆ ಎಂದು ಕವಿಯೇ ಹೇಳುತ್ತಾನೆ. ಹಲ್ಲುಕಡ್ಡಿ, ಬೆನ್ನು ತುರಿಸುವ ಕೋಲು, ಕೊಡೆ, ಕೊಂಬಿನ ಲಾಂದ್ರ, ಸ್ಪಂಜು, ಗಿಳಿ, ಚರ್ಮದ ಹಾಳೆಯಲ್ಲಿ ಬರೆದ ಹೋಮರ್. ದಿನಕ್ಕೆ ಹತ್ತು ಪದ್ಯಗಳಂತೆ ಓದಿ, ಪ್ರತಿಯೊಂದಕ್ಕೂ ಮೂರು ಅಂಕಣಗಳನ್ನು ತುಂಬಿಸಿ. ಪುಸ್ತಕದ ಕಟ್ಟಕಡೆಯ ಜೋಡಿಸಾಲು ಕೊಬ್ಬು ಹಾಕಿ ಮಾಡಿದ ಒಂದು ತಿಂಡಿಯ ಮೇಲಿನದು. ಏಳಿರಿ, ರೊಟ್ಟಿಯವನು ಆಗಲೇ ಹುಡುಗರಿಗೆ ಬೆಳಗಿನ ತಿಂಡಿ ಮಾರುತ್ತಿದ್ದಾನೆ, ಜುಟ್ಟಿನ ಹಕ್ಕಿಗಳು ಎಲ್ಲೆಡೆ ಬೆಳಕನ್ನು ಸಾರುತ್ತಿವೆ ಎನ್ನುತ್ತದೆ ಅದು. ಮೊದಲ ಅಂಕಣಕ್ಕೆ ಹಬ್ಬ ಮುಗಿದ ಸೂಚನೆ. ಎರಡನೆಯದಕ್ಕೆ ಶಾಲೆಯ ದಾರಿಯಲ್ಲಿ ತಿಂಡಿ ಕೊಳ್ಳುವ ಮಕ್ಕಳು. ಮೂರನೆಯದರಲ್ಲಿ, ಆ ಹಿಟ್ಟನ್ನು ರಾತ್ರಿಯೆಲ್ಲ ಬೀಸಿದವರ ಹೆಸರಿಗೆ ಜಾಗ ಬಿಟ್ಟಿಡಿ.